ಹತ್ತು ಸಾವಿರಕ್ಕೆ ಒಂದು ರೂಪಾಯಿ

ಇವತ್ತು ಒಂದು ಬೇಡಿಕೆ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ. ಮಿದುಳು ಮತ್ತು ನರಗಳ ರೋಗಕ್ಕೆ ಕಾಂಡಕೋಶಗಳಿಂದ ಮದ್ದು ಹುಡುಕುವ ಕೆಲಸ ಜಗತ್ತಿನಲ್ಲಿ ನಡೆದಿದೆ. ಆ ಕೆಲಸಕ್ಕೆ ನಮ್ಮ ಸರ್ಕಾರ ದುಡ್ಡು ತೆಗೆದಿಡಬೇಕು. ಒಂದು ವರ್ಷ ಕೊಟ್ಟು ಮರು ವರ್ಷ ಮರೆಯುವ ಹಾಗಲ್ಲ, ವರ್ಷ ವರ್ಷವೂ ತೆಗೆದಿಡಬೇಕು. ಇದನ್ನು ನಮ್ಮ ಶಾಸಕರಿಗೂ ಸಂಸದರಿಗೂ ಹೇಳಬೇಕಾದವರು ನಾವು, ನೀವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ. ಮೊದಲು ರೋಗದ ಮಾತು. ಆಮೇಲೆ ಸಂಶೋಧನೆಯ ಮಾತು. ಕೊನೆಗೆ ದುಡ್ಡಿನ ಮಾತು.

ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತ ಒಬ್ಬ ನೇಕಾರರನ್ನು ನೆನೆಯಿರಿ. ವಯಸ್ಸು 60ರ ಆಸುಪಾಸು. ಒಂದು ದಿನ ಬಲಗೈಯ ಹೆಬ್ಬೆರಳು ತಾನಾಗಿಯೇ ಅಲುಗತೊಡಗುತ್ತದೆ. ಕೆಲಸದಲ್ಲಿದ್ದಾಗ ಕಡಿಮೆ, ಕೈಬಿಟ್ಟು ಸುಮ್ಮನೆ ಕೂತಾಗ ಹೆಚ್ಚು. ಕೆಲವು ತಿಂಗಳು ಕಳೆದರೆ ಅಂಗಿಯ ಗುಂಡಿ ಹಾಕುವುದೂ ತಡವಾಗುತ್ತದೆ. ಬರೆದ ಅಕ್ಷರ ಸಣ್ಣದಾಗುತ್ತದೆ. ದನಿ ಇಳಿಯುತ್ತದೆ. ಮನೆಯವರು ಮತ್ತೆ ಮತ್ತೆ 'ಏನಂದ್ರಿ?' ಎಂದು ಕೇಳುತ್ತಾರೆ. ಒಳಗೆ ನಗು ಇದ್ದರೂ ಮುಖದ ಮೇಲೆ ಮೂಡುವುದಿಲ್ಲ. ಓಣಿಯವರು 'ವಯಸ್ಸಾತು, ಕೈ ನಡಗತಾವ' ಎಂದು ಸುಮ್ಮನಾಗುತ್ತಾರೆ.

ಇದು ಬರೀ ವಯಸ್ಸಲ್ಲ. ಇದು ಪಾರ್ಕಿನ್ಸನ್ ರೋಗ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಲಕ್ಷಣಗಳನ್ನು ಒಂದೆಡೆ ಕೂಡಿಸಿ ಬರೆದರು. ಆಯುರ್ವೇದ ಇಂಥ ನಡುಕವನ್ನು ಕಂಪವಾತ ಎಂದು ಗುರುತಿಸಿತ್ತು. ಮಿದುಳಿನ ನಡುಭಾಗದಲ್ಲಿ ಕೆಲವು ಕೋಶಗಳು ಡೋಪಮಿನ್ ಎಂಬ ರಸಾಯನ ತಯಾರಿಸುತ್ತವೆ. ಕೈಕಾಲು ಸರಾಗವಾಗಿ ಆಡಲು ಅದು ಬೇಕು. ಈ ರೋಗದಲ್ಲಿ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಹೋಗಿಯೇ ಬಿಟ್ಟಿರುತ್ತದೆ.

ಕೆಲವರಿಗೆ ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ. ಮುಂದಿನ ಹೆಜ್ಜೆ ಏಳುವುದೇ ಇಲ್ಲ. ಸಮನೆಲದಲ್ಲಿ ಹೀಗೆ ನಿಂತುಬಿಟ್ಟವರಲ್ಲಿ ಕೆಲವರು ಬಾದಾಮಿಯ ಮೇಣಬಸದಿ ಗುಹೆಗಳ ಮೆಟ್ಟಿಲುಗಳನ್ನು ಮಾತ್ರ ಸರಾಗ ಹತ್ತಬಲ್ಲರು. ಮೆಟ್ಟಿಲಿನ ಅಂಚು ಕಣ್ಣಿಗೆ ಕಂಡರೆ ಮಿದುಳು ಬೇರೆ ದಾರಿಯಿಂದ ಕಾಲಿಗೆ ಅಪ್ಪಣೆ ಕೊಡುತ್ತದೆ. ಹಾಗಾಗಿ 'ಬೇಕಂತಲೇ ನಿಂತಾನ' ಎಂದು ಯಾರನ್ನೂ ಬೈಯಬೇಡಿ. ಅವರ ಕಾಲಿನಲ್ಲಿ ಶಕ್ತಿ ಇದೆ. ಮಿದುಳಿನ ಅಪ್ಪಣೆ ಕಾಲನ್ನು ತಲುಪುತ್ತಿಲ್ಲ.

ಇದಕ್ಕೆ ಮಾತ್ರೆ ಇದೆ. ಹೆಸರು ಲೆವೊಡೋಪಾ. 1960ರ ದಶಕದಿಂದ ಬಳಕೆಯಲ್ಲಿದೆ. ನಮ್ಮ ಹೊಲದ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲೂ ಇದೇ ವಸ್ತುವಿದೆ. ಆದರೆ ಪ್ರಮಾಣ ತಿಳಿಯದೆ ಬೀಜ ಅರೆದು ಕುಡಿಯುವುದು ಅಪಾಯ. ಮಾತ್ರೆ ಹಲವು ವರ್ಷ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಅದರ ಪರಿಣಾಮ ಬೇಗ ಇಳಿಯತೊಡಗುತ್ತದೆ. ಮೈ ತನ್ನಷ್ಟಕ್ಕೆ ಹೊಯ್ದಾಡುವ ತೊಂದರೆಯೂ ಬರಬಹುದು. ಮುಖ್ಯ ಮಾತೆಂದರೆ, ಮಾತ್ರೆ ಡೋಪಮಿನ್ ಕೊರತೆ ತುಂಬುತ್ತದೆ. ಸತ್ತ ಕೋಶವನ್ನು ಮರಳಿ ತರುವುದಿಲ್ಲ.

ಇದು ಒಂದೇ ರೋಗದ ಕಥೆಯಲ್ಲ. ಲಕ್ವಾ ಹೊಡೆದಾಗ ಮಿದುಳಿನ ಒಂದು ಭಾಗ ಸಾಯುತ್ತದೆ. ಮರೆವಿನ ರೋಗದಲ್ಲಿ ನೆನಪಿನ ಕೋಶಗಳು ಸಾಯುತ್ತವೆ. ಬೆನ್ನುಹುರಿ ತುಂಡಾದರೆ ಅಲ್ಲಿನ ನರಗಳು ಮತ್ತೆ ಕೂಡುವುದಿಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಮರೆವಿನ ರೋಗವಿದೆ ಎಂದು ಸಮೀಕ್ಷೆ ಆಧರಿಸಿದ ಅಂದಾಜು ಹೇಳುತ್ತದೆ. ಜಗತ್ತಿನಲ್ಲಿ ಪಾರ್ಕಿನ್ಸನ್ ರೋಗಿಗಳು 2019ರಲ್ಲಿ 85 ಲಕ್ಷ ದಾಟಿದ್ದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಾವು ಹೆಚ್ಚು ಕಾಲ ಬಾಳುತ್ತಿದ್ದೇವೆ. ಹಾಗಾಗಿ ಈ ಸಂಖ್ಯೆ ಏರುತ್ತಲೇ ಇರುತ್ತದೆ.

ಹಾಗಾದರೆ ಇಷ್ಟನ್ನು ನೆನಪಿಡಿ. ನರರೋಗಗಳಲ್ಲಿ ಕೋಶ ಸಾಯುತ್ತದೆ. ಚರ್ಮ ಗಾಯ ಮಾಯಿಸಿಕೊಳ್ಳುತ್ತದೆ, ಮೂಳೆ ಕೂಡಿಕೊಳ್ಳುತ್ತದೆ. ಮಿದುಳು ಸತ್ತ ಕೋಶಗಳನ್ನು ಹಾಗೆ ಮರಳಿ ಬೆಳೆಸಿಕೊಳ್ಳುವುದಿಲ್ಲ. ಕಾಂಡಕೋಶದ ಮಾತು ಬರುವುದು ಇಲ್ಲಿ.

ಡಾಕ್ಟರರು ಸ್ಟೆಮ್ ಸೆಲ್ ಎನ್ನುವುದನ್ನೇ ಕನ್ನಡದಲ್ಲಿ ಕಾಂಡಕೋಶ ಎನ್ನುತ್ತೇವೆ. ನಮ್ಮ ದೇಹದ ಹೆಚ್ಚಿನ ಕೋಶಗಳಿಗೆ ಕೆಲಸ ಗೊತ್ತಾಗಿರುತ್ತದೆ. ಚರ್ಮದ ಕೋಶ ಚರ್ಮವಾಗಿಯೇ ಇರುತ್ತದೆ, ನರಕೋಶ ನರವಾಗಿಯೇ ಇರುತ್ತದೆ. ಕಾಂಡಕೋಶಕ್ಕೆ ಎರಡು ಗುಣ. ಒಂದು, ಅದು ತನ್ನಂಥದ್ದೇ ಇನ್ನಷ್ಟು ಕೋಶಗಳನ್ನು ಹುಟ್ಟಿಸುತ್ತದೆ. ಎರಡು, ಬೇರೆ ಬಗೆಯ ಕೋಶವಾಗಿ ಮಾರ್ಪಡುತ್ತದೆ. ನಮ್ಮ ಮೂಳೆಯ ಮಜ್ಜೆಯಲ್ಲಿ ರಕ್ತದ ಕಾಂಡಕೋಶಗಳಿವೆ. ರಕ್ತದ ಕ್ಯಾನ್ಸರಿಗೆ ಮಜ್ಜೆ ಕಸಿ ಮಾಡುತ್ತಾರಲ್ಲ, ಅದು ಕಾಂಡಕೋಶದ ಚಿಕಿತ್ಸೆಯೇ. ದಶಕಗಳಿಂದ ನಡೆದಿದೆ, ಸಾಬೀತಾಗಿದೆ.

ಆದರೆ ಮಜ್ಜೆಯ ಕಾಂಡಕೋಶ ಸಹಜವಾಗಿ ರಕ್ತವಾಗುತ್ತದೆ. ಮಿದುಳಿನ ನರವಾಗಬಲ್ಲ ಕಾಂಡಕೋಶ ಬೇಕಲ್ಲ? 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಕಾಂಡಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಅವು ದೇಹದ ಯಾವ ಕೋಶವೂ ಆಗಬಲ್ಲವು. ಅಲ್ಲಿಂದ ಒಂದು ಧರ್ಮಸಂಕಟ ಶುರುವಾಯಿತು. ಭ್ರೂಣವನ್ನು ಬಳಸುವುದು ಸರಿಯೇ ಎಂದು ಜನ ಕೇಳಿದರು. ನ್ಯಾಯವಾದ ಪ್ರಶ್ನೆ ಅದು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ಇನ್ನೊಂದು ದಾರಿ ತೆರೆದರು. ಇಲಿಯ ಸಾಮಾನ್ಯ ಕೋಶಕ್ಕೆ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಕಾಂಡಕೋಶದ ಸ್ಥಿತಿಗೆ ಹಿಂದಕ್ಕೆ ಒಯ್ದರು. ಮರು ವರ್ಷ ಮನುಷ್ಯರ ಚರ್ಮದ ಕೋಶದಲ್ಲೂ ಅದು ಸಾಧ್ಯವಾಯಿತು. ಅಂದರೆ ನಿಮ್ಮದೇ ಚರ್ಮ ಅಥವಾ ರಕ್ತದಿಂದ ನಿಮ್ಮದೇ ನರಕೋಶ ಬೆಳೆಸಬಹುದು. ಭ್ರೂಣದ ಅಗತ್ಯವಿಲ್ಲ. 2012ರಲ್ಲಿ ಯಮನಾಕಾ ಅವರಿಗೂ ಇಂಗ್ಲೆಂಡಿನ ಜಾನ್ ಗರ್ಡನ್ ಅವರಿಗೂ ನೊಬೆಲ್ ಬಂತು.

ಹೀಗೆ ಬೆಳೆಸಿದ ನರಕೋಶದಿಂದ ಎರಡು ಉಪಯೋಗ. ಒಂದು, ರೋಗ ಯಾಕೆ ಬಂತು ಎಂದು ಹುಡುಕುವುದು. ಬದುಕಿರುವ ಮನುಷ್ಯರ ಮಿದುಳನ್ನು ತೆರೆದು ನೋಡಲಾಗದು. ಗಾಜಿನ ತಟ್ಟೆಯಲ್ಲಿ ಬೆಳೆದ ಕೋಶವನ್ನು ನೋಡಬಹುದು. ಅದರ ಮೇಲೆ ಮದ್ದು ಹಾಕಿ ಪರೀಕ್ಷಿಸಬಹುದು. ವಿಷ ಹಾಕಿಯೂ ಪರೀಕ್ಷಿಸಬಹುದು. 2023ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಅದನ್ನೇ ಮಾಡಿದರು. ಪಾರ್ಕಿನ್ಸನ್ ರೋಗಿಯೊಬ್ಬರ ಕಾಂಡಕೋಶದಿಂದ ಡೋಪಮಿನ್ ಕೋಶಗಳನ್ನು ಬೆಳೆಸಿ, ಹೊಲಕ್ಕೆ ಹೊಡೆಯುವ ಔಷಧಗಳನ್ನು ಅವುಗಳ ಮೇಲೆ ಹಾಕಿ ನೋಡಿದರು. ಹತ್ತು ಔಷಧಗಳು ಆ ಕೋಶಗಳಿಗೆ ನೇರವಾಗಿ ಹಾನಿ ಮಾಡಿದವು. ಹತ್ತಿಯ ಹೊಲದಲ್ಲಿ ಒಟ್ಟಿಗೆ ಬಳಸುವ ಕೆಲವು ಔಷಧಗಳು ಕೂಡಿದಾಗ ಹಾನಿ ಇನ್ನೂ ಹೆಚ್ಚಿತ್ತು. ಹುನಗುಂದದ ಎರೆಹೊಲದಲ್ಲಿ ಪಂಪು ಹೆಗಲಿಗೇರಿಸಿ ಎಣ್ಣೆ ಹೊಡೆಯುವ ರೈತರೆ, ಆ ಪರೀಕ್ಷೆ ನಡೆದದ್ದು ಕ್ಯಾಲಿಫೋರ್ನಿಯಾದ ಹೊಲಗಳ ಔಷಧಕ್ಕೆ. ನಿಮ್ಮ ಹೊಲದ ಔಷಧಕ್ಕೂ ಅಂಥ ಪರೀಕ್ಷೆ ಬೇಕಲ್ಲವೆ? ಅದನ್ನು ನಮಗಾಗಿ ಯಾರು ಮಾಡಬೇಕು?

ಎರಡನೆಯ ಉಪಯೋಗ ಚಿಕಿತ್ಸೆ. ಸತ್ತ ಕೋಶದ ಜಾಗಕ್ಕೆ ಹೊಸ ಕೋಶವನ್ನು ತಂದು ಇಡುವುದು. ಇದು ಎಷ್ಟು ಕಷ್ಟ ಎನ್ನುವುದನ್ನು ಇಳಕಲ್ಲಿನವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದರೆ ಮಾತ್ರ ಸೀರೆ ಒಂದಾಗುತ್ತದೆ. ಮಿದುಳಿಗೆ ಇಟ್ಟ ಹೊಸ ಕೋಶವೂ ಹಳೆಯ ನರಗಳ ಜೊತೆ ಹಾಗೆಯೇ ಕೊಂಡಿ ಬೆಸೆಯಬೇಕು. ತಪ್ಪು ಜಾಗಕ್ಕೆ ಬೆಸೆದರೆ ಕೆಡುಕು. ಬೆಸೆಯದೆ ಬೆಳೆಯುತ್ತಲೇ ಹೋದರೆ ಗಡ್ಡೆ. ಆದ್ದರಿಂದ ಈ ಕೆಲಸಕ್ಕೆ ಅವಸರ ಸಲ್ಲದು.

ಇಲ್ಲಿಯವರೆಗೆ ರೋಗವೆಂದರೆ ಏನು, ಕಾಂಡಕೋಶವೆಂದರೆ ಏನು ಎಂದು ಕೇಳಿದಿರಿ. ಈಗ, ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬ ಮಾತು.

2025ರ ಏಪ್ರಿಲಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ವರದಿಗಳು ಒಟ್ಟಿಗೆ ಬಂದವು. ಒಂದು ಅಮೆರಿಕ ಮತ್ತು ಕೆನಡಾದ್ದು. ಅದರಲ್ಲಿ 12 ಪಾರ್ಕಿನ್ಸನ್ ರೋಗಿಗಳು. ಇನ್ನೊಂದು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ್ದು. ಅದರಲ್ಲಿ ಏಳು ರೋಗಿಗಳು. ಎರಡರಲ್ಲೂ ಕಾಂಡಕೋಶದಿಂದ ಬೆಳೆಸಿದ ಕೋಶಗಳನ್ನು ಶಸ್ತ್ರಕ್ರಿಯೆ ಮಾಡಿ ಮಿದುಳಿಗೆ ಇಟ್ಟರು. ಒಂದೂವರೆ ಎರಡು ವರ್ಷ ಕಾದು ನೋಡಿದರು. ಕೋಶಗಳು ಬದುಕಿದ್ದವು. ಡೋಪಮಿನ್ ತಯಾರಿಸುತ್ತಿದ್ದವು. ಗಡ್ಡೆ ಬೆಳೆದಿರಲಿಲ್ಲ. ಹಲವರ ಚಲನೆ ಸುಧಾರಿಸಿತ್ತು.

ಇದು ದೊಡ್ಡ ಸುದ್ದಿ. ಆದರೆ ರೋಗ ವಾಸಿಯಾಯಿತು ಎಂಬ ಸುದ್ದಿಯಲ್ಲ. ಹತ್ತೊಂಬತ್ತು ಜನರ ಮೇಲೆ ನಡೆದ ಪರೀಕ್ಷೆ ಇದು. ಮೊದಲು ಅಪಾಯವಿಲ್ಲ ಎಂದು ತೋರಿಸಬೇಕಿತ್ತು, ತೋರಿಸಿದ್ದಾರೆ. ಇನ್ನು ನೂರಾರು ಜನರ ಮೇಲೆ, ಚಿಕಿತ್ಸೆ ಪಡೆಯದವರ ಜೊತೆ ಹೋಲಿಸಿ ನೋಡಬೇಕು. ಅದಕ್ಕೆ ಕಾಲ ಬೇಕು, ಹಣ ಬೇಕು.

ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. 2010ರಲ್ಲಿ ಬೆಂಗಳೂರಿನ ನರಶಸ್ತ್ರ ತಜ್ಞ ಡಾ. ಎನ್.ಕೆ. ವೆಂಕಟರಮಣ ಮತ್ತು ಸಂಗಡಿಗರು ಏಳು ಪಾರ್ಕಿನ್ಸನ್ ರೋಗಿಗಳಿಗೆ ಅವರದೇ ಮಜ್ಜೆಯ ಕೋಶಗಳನ್ನು ಮಿದುಳಿಗೆ ಇಟ್ಟು ವರದಿ ಪ್ರಕಟಿಸಿದರು. ವಿಧಾನ ಸುರಕ್ಷಿತವೆಂದು ಕಂಡಿತು. ಗುಣವಾಯಿತು ಎಂದು ತೀರ್ಮಾನಿಸಲು ಏಳು ಜನ ಸಾಲುವುದಿಲ್ಲ. 2014ರಲ್ಲಿ ಇನ್ನೊಂದು ವರದಿ ಬಂತು. ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ದೇಶದ ಐದು ಕೇಂದ್ರಗಳಲ್ಲಿ ಲಕ್ವಾ ಹೊಡೆದ 120 ಜನರ ಮೇಲೆ ಪರೀಕ್ಷೆ ನಡೆದಿತ್ತು. ಅರ್ಧ ಜನರಿಗೆ ಅವರದೇ ಮಜ್ಜೆಯ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟರು, ಇನ್ನರ್ಧಕ್ಕೆ ಕೊಡಲಿಲ್ಲ. ಅಪಾಯವೇನೂ ಆಗಲಿಲ್ಲ, ಲಾಭವೂ ಆಗಲಿಲ್ಲ. ಅದನ್ನು ಅವರು ಹಾಗೆಯೇ ಬರೆದು ಪ್ರಕಟಿಸಿದರು.

ಕೇಳುಗರೆ, ಆ 'ಲಾಭವಾಗಲಿಲ್ಲ' ಎಂಬ ಉತ್ತರಕ್ಕೆ ನಾನು ಕೈ ಮುಗಿಯುತ್ತೇನೆ. ಅದರ ಹಿಂದೆ ಇದ್ದದ್ದು ಸಾರ್ವಜನಿಕ ಹಣ. ಯಾರಿಗೂ ಏನನ್ನೂ ಮಾರಬೇಕಾಗಿರಲಿಲ್ಲ. ಹಾಗಾಗಿ ನಿಜ ಹೇಳಲು ಅಡ್ಡಿಯಿರಲಿಲ್ಲ. ಇವತ್ತಿನ ನನ್ನ ಮಾತಿನ ತಿರುಳು ಇದೇ. ಭರವಸೆಗೆ ಸರ್ಕಾರ ದುಡ್ಡು ಕೊಡದಿದ್ದರೆ, ಭರವಸೆಯನ್ನು ಮಾರುವವರು ಬರುತ್ತಾರೆ.

ಅವರು ಬಂದೇ ಬಿಟ್ಟಿದ್ದಾರೆ. ದೊಡ್ಡ ನಗರಗಳಲ್ಲಿ ಕಾಂಡಕೋಶದ ಹೆಸರಿನ ಚಿಕಿತ್ಸಾಲಯಗಳು ಎದ್ದಿವೆ. ಲಕ್ವಾ, ಆಟಿಸಂ, ಬೆನ್ನುಹುರಿ ಪೆಟ್ಟು, ಸ್ನಾಯು ಸವೆತ, ಎಲ್ಲಕ್ಕೂ ಒಂದೇ ಇಂಜೆಕ್ಷನ್ ಎನ್ನುತ್ತಾರೆ. ಲಕ್ಷಗಟ್ಟಲೆ ಕೇಳುತ್ತಾರೆ. ನಡೆಯಲಾರದ ಮಗುವಿನ ತಂದೆ ತಾಯಿ ಹೊಲ ಮಾರಿಯಾದರೂ ಹೋಗುತ್ತಾರೆ. ಅವರದು ತಪ್ಪೆನ್ನಲಾರೆ. ಆದರೆ ನಿಯಮ ಏನೆಂದು ಎಲ್ಲರಿಗೂ ಗೊತ್ತಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಮಾತ್ರ ಒಪ್ಪಿತ ಚಿಕಿತ್ಸೆ. ನರರೋಗಕ್ಕೆ ಕಾಂಡಕೋಶ ಕೊಡುವುದು ಅನುಮತಿ ಪಡೆದ ಪರೀಕ್ಷೆಯಾಗಿ ಮಾತ್ರ ನಡೆಯಬೇಕು.

ನಿಮ್ಮ ಮನೆಯ ಯಾರಿಗಾದರೂ ಇಂಥ ಚಿಕಿತ್ಸೆ ಹೇಳಿದರೆ ಎರಡು ಪ್ರಶ್ನೆ ಕೇಳಿ. ಮೊದಲನೆಯದು: 'ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದರ ಸಂಖ್ಯೆ ಎಷ್ಟು?' ಆ ನೋಂದಣಿ ಎಲ್ಲರಿಗೂ ತೆರೆದಿದೆ. ಮೊಬೈಲಿನಲ್ಲಿ ನೋಡಬಹುದು. ಎರಡನೆಯದು: 'ನಾನು ದುಡ್ಡು ಕೊಡಬೇಕೆ?' ನಿಜವಾದ ಪರೀಕ್ಷೆಯಲ್ಲಿ ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಪರೀಕ್ಷೆ ಎನ್ನುತ್ತ ಲಕ್ಷ ರೂಪಾಯಿ ಕೇಳಿದರೆ ಅದು ಸಂಶೋಧನೆಯಲ್ಲ, ವ್ಯಾಪಾರ. ಎದ್ದು ಬನ್ನಿ.

ಹೀಗೆ, ಒಂದು ಕಡೆ ನಿಜವಾದ ಪ್ರಯೋಗಾಲಯ, ಇನ್ನೊಂದು ಕಡೆ ಸುಳ್ಳು ಅಂಗಡಿ. ಅಂಗಡಿಗೆ ದುಡ್ಡು ತಾನಾಗಿಯೇ ಬರುತ್ತದೆ, ಜನರ ಸಂಕಟದಿಂದ. ಪ್ರಯೋಗಾಲಯಕ್ಕೆ ದುಡ್ಡು ಎಲ್ಲಿಂದ ಬರಬೇಕು? ಈಗ ಆ ಮಾತಿಗೆ ಬರೋಣ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಭಾಗ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ದೇಶದ ಮುಂಚೂಣಿಯ ನರವಿಜ್ಞಾನ ಸಂಸ್ಥೆ. ಅಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ತೀರಿಹೋದವರ ಮನೆಯವರು ದಾನವಾಗಿ ಕೊಟ್ಟ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಾಡುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಇನ್‌ಸ್ಟೆಮ್ ಇದೆ. ಕಾಂಡಕೋಶ ವಿಜ್ಞಾನಕ್ಕೆಂದೇ 2009ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಪಕ್ಕದಲ್ಲೇ ಜೀವವಿಜ್ಞಾನದ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್. ಈ ಮೂರೂ ಸೇರಿ 2016ರಲ್ಲಿ ಒಂದು ಯೋಜನೆ ಹಿಡಿದವು. ಒಂದೇ ಮನೆಯಲ್ಲಿ ಹಲವರಿಗೆ ಮಾನಸಿಕ ಕಾಯಿಲೆ ಅಥವಾ ಮರೆವಿನ ರೋಗ ಇರುವ ಕುಟುಂಬಗಳ ರಕ್ತದಿಂದ ಕಾಂಡಕೋಶ ಬೆಳೆಸಿ, ರೋಗದ ಬೇರು ಹುಡುಕುವ ಯೋಜನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅದಕ್ಕೆ 225 ಕೋಟಿ ರೂಪಾಯಿ ಕೊಡಲು ಮುಂದಾದರು. ದೇಶದ ಹತ್ತು ಸಾವಿರ ಜನರ ಜೀನೋಮ್, ಅಂದರೆ ಎಲ್ಲ ಜೀನುಗಳ ಒಟ್ಟು ಬರಹ, ಓದುವ ಯೋಜನೆಯ ಮುಂದಾಳತ್ವ ವಹಿಸಿದ್ದೂ ಅದೇ ಕೇಂದ್ರ.

ಈ ಜೀನೋಮ್ ಮಾತು ನಮ್ಮ ಸೀಮೆಗೆ ಹತ್ತಿರದ್ದು. ನಮ್ಮಲ್ಲಿ ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆ ಹೆಚ್ಚು. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ಹೀಗೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಹೀಗಾದಾಗ ತಂದೆ ತಾಯಿ ಇಬ್ಬರಲ್ಲೂ ಮರೆಯಾಗಿದ್ದ ಒಂದೇ ದೋಷ ಮಗುವಿನಲ್ಲಿ ಕೂಡುವ ಸಂಭವ ಹೆಚ್ಚು. ಹಲವು ಅಪರೂಪದ ನರರೋಗಗಳು ಬರುವುದು ಈ ದಾರಿಯಿಂದ. ಯುರೋಪಿನ ಪ್ರಯೋಗಾಲಯ ಯುರೋಪಿನ ಮಕ್ಕಳ ಕೋಶಗಳನ್ನು ಓದುತ್ತದೆ. ಬಾಗಲಕೋಟೆಯ ಮಗುವಿನ ಕೋಶ ಓದಬೇಕಾದದ್ದು ನಮ್ಮ ಪ್ರಯೋಗಾಲಯ.

ದಾನಿಗಳು ತಮ್ಮ ಪಾಲು ಕೊಟ್ಟಿದ್ದಾರೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಕೊಡುತ್ತಿದೆ. ಆದರೆ ಒಟ್ಟು ಲೆಕ್ಕ ನೋಡಿ. ಭಾರತ ತನ್ನ ಉತ್ಪನ್ನದ ನೂರು ರೂಪಾಯಿಯಲ್ಲಿ ಮುಕ್ಕಾಲು ರೂಪಾಯಿಯನ್ನೂ ಸಂಶೋಧನೆಗೆ ಹಾಕುವುದಿಲ್ಲ. ದಕ್ಷಿಣ ಕೊರಿಯಾ ಸುಮಾರು ಐದು ರೂಪಾಯಿ ಹಾಕುತ್ತದೆ.

ಸಾರ್ವಜನಿಕ ಹಣ ಹಾಕಿದರೆ ಏನಾಗುತ್ತದೆ? ಎರಡು ಉದಾಹರಣೆ ಕೊಡುತ್ತೇನೆ. ಎರಡೂ ನರರೋಗದವಲ್ಲ, ಆದರೆ ಕೋಶಚಿಕಿತ್ಸೆಯವೇ. ವೆಲ್ಲೂರಿನಲ್ಲಿ ಇನ್‌ಸ್ಟೆಮ್‌ನದೇ ಒಂದು ಘಟಕವಿದೆ. ಅಲ್ಲಿನ ವೈದ್ಯರು ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ರೋಗದ ಐದು ಜನರಿಗೆ ಅವರದೇ ರಕ್ತದ ಕಾಂಡಕೋಶಗಳನ್ನು ತಿದ್ದಿ ಮರಳಿ ಕೊಟ್ಟರು. 2024ರ ಕೊನೆಗೆ ಫಲಿತಾಂಶ ಪ್ರಕಟವಾಯಿತು. ಐವರಲ್ಲೂ ರಕ್ತಸ್ರಾವದ ತೊಂದರೆ ನಿಂತಿತ್ತು. ಎರಡನೆಯದು ಮುಂಬಯಿಯ ಐಐಟಿ ಮತ್ತು ಟಾಟಾ ಆಸ್ಪತ್ರೆ ಸೇರಿ ರೂಪಿಸಿದ ಕ್ಯಾನ್ಸರ್ ಕೋಶಚಿಕಿತ್ಸೆ. 2023ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಹೊರದೇಶದಲ್ಲಿ ಮೂರು ನಾಲ್ಕು ಕೋಟಿ ಆಗುವ ಚಿಕಿತ್ಸೆ ಇಲ್ಲಿ ಅದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿಯಿತು. ನಮ್ಮಲ್ಲೇ ಹುಡುಕಿದರೆ ನಮ್ಮ ಬೆಲೆ. ಹೊರಗೆ ಹುಡುಕಿದ್ದನ್ನು ತರಿಸಿದರೆ ಅವರು ಹೇಳಿದ ಬೆಲೆ.

ಸರ್ಕಾರ ಇಂಥದಕ್ಕೆ ದುಡ್ಡಿಟ್ಟ ದೊಡ್ಡ ಉದಾಹರಣೆ ಕ್ಯಾಲಿಫೋರ್ನಿಯಾ. ಅಲ್ಲಿ 2004ರಲ್ಲಿ ಜನರ ಮತಕ್ಕೇ ಹಾಕಿದರು. ಕಾಂಡಕೋಶ ಸಂಶೋಧನೆಗೆ 300 ಕೋಟಿ ಡಾಲರ್ ಕೊಡೋಣವೇ ಎಂದು ಕೇಳಿದರು. ಜನ ಹೌದೆಂದರು. 2020ರಲ್ಲಿ ಮತ್ತೆ ಕೇಳಿದರು. ಈ ಸಲ 550 ಕೋಟಿ ಡಾಲರ್. ಅದರಲ್ಲಿ 150 ಕೋಟಿ ಡಾಲರ್ ಮಿದುಳು ಮತ್ತು ನರಗಳ ರೋಗಕ್ಕೆಂದೇ ಮೀಸಲು. ರೋಗಿಗಳೂ ಅವರ ಮನೆಯವರೂ ದನಿ ಎತ್ತಿದ್ದು ಅದಕ್ಕೆ ಬಲ ಕೊಟ್ಟಿತು. ಒಂದು ರಾಜ್ಯ ಈ ಕೆಲಸ ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. 'ನಮ್ಮೂರಿಗೆ ಕುಡಿಯುವ ನೀರು ಸರಿಯಾಗಿ ಬರವೊಲ್ಲದು. ತಾಲೂಕಾ ಆಸ್ಪತ್ರೆಯಲ್ಲಿ ನರರೋಗ ತಜ್ಞರಿಲ್ಲ. ಹಿನ್ನೀರಿನಲ್ಲಿ ಮುಳುಗಡೆಯಾದ ಊರವರ ಪರಿಹಾರದ ಮಾತೇ ಮುಗಿದಿಲ್ಲ. ಇದರ ನಡುವೆ ಕಾಂಡಕೋಶ ಯಾಕೆ?' ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನೀರೂ ಬೇಕು, ತಜ್ಞರೂ ಬೇಕು, ಪರಿಹಾರವೂ ಬೇಕು. ಅವುಗಳಿಂದ ಒಂದು ಪೈಸೆ ಕಿತ್ತು ಇದಕ್ಕೆ ಕೊಡಿ ಎಂದು ನಾನು ಹೇಳುತ್ತಿಲ್ಲ. ನಾನು ಕೇಳುವುದು ಎಷ್ಟು ಎಂದು ಲೆಕ್ಕ ಹಾಕಿ.

ಕರ್ನಾಟಕದ ಬಜೆಟ್ ಈಗ ನಾಲ್ಕು ಲಕ್ಷ ಕೋಟಿ ರೂಪಾಯಿ ದಾಟಿದೆ. ಅದರಲ್ಲಿ ಪ್ರತಿ ಹತ್ತು ಸಾವಿರ ರೂಪಾಯಿಗೆ ಒಂದೇ ಒಂದು ರೂಪಾಯಿ ತೆಗೆದಿಡಿ. ವರ್ಷಕ್ಕೆ 40 ಕೋಟಿ ಆಗುತ್ತದೆ. ಹತ್ತು ವರ್ಷಕ್ಕೆ 400 ಕೋಟಿ. ಆ ಒಂದು ರೂಪಾಯಿಯಿಂದ ಯಾವ ಊರಿನ ನಳವೂ ನಿಲ್ಲುವುದಿಲ್ಲ. ಆದರೆ ಪ್ರಯೋಗಾಲಯಕ್ಕೆ ಅದು ದೊಡ್ಡ ಮೊತ್ತ. ಅದಕ್ಕಿಂತ ದೊಡ್ಡದು ಹತ್ತು ವರ್ಷದ ಖಾತರಿ. ನರಕೋಶ ಬೆಳೆಸಿ, ಪ್ರಾಣಿಗಳಲ್ಲಿ ನೋಡಿ, ಮನುಷ್ಯರಲ್ಲಿ ಪರೀಕ್ಷಿಸುವ ಕೆಲಸ ವರ್ಷದೊಳಗೆ ಮುಗಿಯುವುದಿಲ್ಲ. ನಡುವೆ ಅನುದಾನ ನಿಂತರೆ ಬೆಳೆಸಿದ ಕೋಶಗಳೂ ಹಾಳು, ಕಲಿತ ತರುಣರೂ ಬೇರೆ ದೇಶಕ್ಕೆ ಹೋಗುತ್ತಾರೆ.

ಹಾಗಾದರೆ ನಮ್ಮ ಶಾಸಕರಲ್ಲಿ ಏನು ಕೇಳಬೇಕು? ನಾಲ್ಕು ಮಾತು ಕೇಳೋಣ.

ಮೊದಲನೆಯದು, ರಾಜ್ಯದ ಬಜೆಟ್ಟಿನಲ್ಲಿ ನರರೋಗಗಳ ಕಾಂಡಕೋಶ ಸಂಶೋಧನೆಗೆ ಪ್ರತ್ಯೇಕ ಶೀರ್ಷಿಕೆ ಬೇಕು. ಹತ್ತು ಸಾವಿರಕ್ಕೆ ಒಂದು ರೂಪಾಯಿ, ಹತ್ತು ವರ್ಷ.

ಎರಡನೆಯದು, ಆ ಹಣ ಬೆಂಗಳೂರಿನಲ್ಲೇ ನಿಲ್ಲಬಾರದು. ಧಾರವಾಡದಲ್ಲಿ ರಾಜ್ಯದ್ದೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇದೆ, ಐಐಟಿ ಇದೆ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ. ಇವನ್ನು ನಿಮ್ಹಾನ್ಸ್ ಮತ್ತು ಇನ್‌ಸ್ಟೆಮ್ ಜೊತೆ ಜೋಡಿಸಲಿ. ನರರೋಗಿಗಳ ಪಟ್ಟಿ ಜಿಲ್ಲೆಯಲ್ಲೇ ಆಗಲಿ. ರಕ್ತದ ಮಾದರಿ ಇಲ್ಲಿಯೇ ತೆಗೆಯಲಿ. ಪರೀಕ್ಷೆ ನಡೆಯುವ ದಿನ ಬಂದಾಗ ನಮ್ಮವರಿಗೂ ಅದರಲ್ಲಿ ಜಾಗವಿರಲಿ. ನಡುಗುವ ಮೈ ಹೊತ್ತು ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಹೋಗುವುದು ಪ್ರತಿ ರೋಗಿಗೂ ಆಗದು.

ಮೂರನೆಯದು, ಸರ್ಕಾರದ ಹಣದಿಂದ ಸಿಕ್ಕ ಫಲ ಜನರದ್ದು. ಲಾಭವಾದರೂ ಆಗದಿದ್ದರೂ ಫಲಿತಾಂಶ ಪ್ರಕಟವಾಗಲಿ. ಮುಂದೆ ಕಂಪನಿಗಳು ಅದನ್ನು ತಯಾರಿಸಿದರೆ ಸರ್ಕಾರಿ ಆಸ್ಪತ್ರೆಗೆ ಕಡಿಮೆ ಬೆಲೆಗೆ ಕೊಡಬೇಕು ಎಂಬ ಷರತ್ತು ಮೊದಲೇ ಇರಲಿ. ಇದರ ಜೊತೆಗೆ, ಅನುಮತಿ ಇಲ್ಲದೆ ಕಾಂಡಕೋಶ ಮಾರುವ ಅಂಗಡಿಗಳನ್ನು ಆರೋಗ್ಯ ಇಲಾಖೆ ಮುಚ್ಚಿಸಲಿ.

ನಾಲ್ಕನೆಯದು, ನಾಳಿನ ಮದ್ದಿಗೆ ಕಾಯುವಾಗ ಇವತ್ತಿನ ರೋಗಿಯನ್ನು ಮರೆಯಬಾರದು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಯೋಜನೆ ಶುರು ಮಾಡಿತು. ಒಳ್ಳೆಯ ಕೆಲಸ ಅದು. ಅದನ್ನು ಹುನಗುಂದ, ಬಾದಾಮಿ, ಇಳಕಲ್ ತಾಲೂಕು ಮಟ್ಟಕ್ಕೆ ಇಳಿಸಲಿ. ಲೆವೊಡೋಪಾ ಮಾತ್ರೆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದು ತಾಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗಲಿ. ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಇರಲಿ.

ನಾಲ್ಕು ಮಾತು ಆಯಿತು. ಹಣ, ಜಿಲ್ಲೆಯ ಪಾಲು, ತೆರೆದ ಫಲಿತಾಂಶ, ಇವತ್ತಿನ ಆರೈಕೆ. ಇನ್ನು, ಇದನ್ನು ಯಾರಿಗೆ ಹೇಳಬೇಕು?

ಬಾಗಲಕೋಟೆ ಜಿಲ್ಲೆಗೆ ಏಳು ವಿಧಾನಸಭಾ ಕ್ಷೇತ್ರಗಳಿವೆ. ಮುಧೋಳ, ತೇರದಾಳ, ಜಮಖಂಡಿ, ಬೀಳಗಿ, ಬಾದಾಮಿ, ಬಾಗಲಕೋಟೆ, ಹುನಗುಂದ. ಇಳಕಲ್ಲಿನವರ ಶಾಸಕರು ಹುನಗುಂದ ಕ್ಷೇತ್ರದವರು. ಪಕ್ಷ ಯಾವುದೇ ಇರಲಿ, ಏಳೂ ಜನ ಒಂದೇ ದನಿಯಲ್ಲಿ ಕೇಳಿದರೆ ಸದನ ಕೇಳಿಸಿಕೊಳ್ಳುತ್ತದೆ. ರೋಗ ಪಕ್ಷ ನೋಡುವುದಿಲ್ಲ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ. ಬಜೆಟ್ ತಯಾರಿಗೆ ಮುಂಚೆ ಬರುವ ಅಧಿವೇಶನ ಅದು. ಕೇಳಲು ಅದೇ ಸರಿಯಾದ ಹೊತ್ತು.

ಕೇಳಿದರೆ ಆಗುತ್ತದೆಯೇ ಎಂಬ ಅನುಮಾನ ಬೇಡ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ದುಡ್ಡು ಬೇಡಲಿಲ್ಲ, ನಿಮ್ಮ ದುಶ್ಚಟಗಳನ್ನು ಹಾಕಿರಿ ಎಂದು ಬೇಡಿದರು. ಈಗ ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವೇ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಈ ಸೀಮೆಯ ಬೇಡಿಕೆ ವಿಧಾನಸೌಧ ತಲುಪಿದ್ದುಂಟು.

ಆದ್ದರಿಂದ, ಕೇಳುಗ ಬಾಂಧವರೆ, ಈ ವಾರ ಒಂದು ಕಾಗದ ಬರೆಯಿರಿ. ನಿಮ್ಮ ಹೆಸರು, ನಿಮ್ಮ ಊರು ಬರೆಯಿರಿ. ಮನೆಯಲ್ಲಿ ನರರೋಗವಿದ್ದರೆ ಅದನ್ನೂ ನಾಚದೆ ಬರೆಯಿರಿ. ಹತ್ತು ಸಾವಿರಕ್ಕೆ ಒಂದು ರೂಪಾಯಿ ತೆಗೆದಿಡಿ ಎಂದು ಕೇಳಿರಿ. ನಿಮ್ಮ ಶಾಸಕರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಧಿವೇಶನ ಮುಗಿದ ಮೇಲೆ ಹೋಗಿ, 'ನಮ್ಮ ಮಾತು ಎತ್ತಿದಿರಾ?' ಎಂದು ವಿಚಾರಿಸಿರಿ. ಹೂಂ ಎನ್ನುವವರೆಗೆ ಬಿಡಬೇಡಿ.